ದೊಡ್ಡ ತಳಿಯ ಮರಿಗೆ ನಡಿಗೆ ಕಲಿಸುವಾಗ: ತೂಕ ಬೇಗ, ಮೂಳೆ ನಿಧಾನ

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ಮರಿಗಳು ಆರು ತಿಂಗಳಿಗೇ ಬೆಳೆದ ನಾಯಿಯ ಹಾಗೆ ಕಾಣುತ್ತವೆ. ಮೋಸ ಹೋಗುವುದು ಇಲ್ಲೇ. ಎತ್ತರ ಬಂದಿದೆ, ತೂಕ ಬಂದಿದೆ, ಹುರುಪಂತೂ ಕೇಳುವುದೇ ಬೇಡ. ಆದರೆ ಕಾಲಿನ ಉದ್ದ ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಫಲಕಗಳು ಇನ್ನೂ ಮೆತ್ತಗಿನ ಮೃದ್ವಸ್ಥಿಯಾಗಿಯೇ ಇರುತ್ತವೆ. ಅವು ಗಟ್ಟಿಯಾಗಿ ಮುಚ್ಚಿಕೊಳ್ಳಲು ದೊಡ್ಡ ತಳಿಗಳಲ್ಲಿ 12ರಿಂದ 18 ತಿಂಗಳು ಬೇಕು. ಗ್ರೇಟ್ ಡೇನ್, ಮಾಸ್ಟಿಫ್‌ನಂಥ ದೈತ್ಯ ತಳಿಗಳಲ್ಲಿ ಎರಡು ವರ್ಷವೂ ಹಿಡಿಯಬಹುದು.

ಇಲ್ಲಿ ಎರಡು ಗಡಿಯಾರ ಬೇರೆ ಬೇರೆ ವೇಗದಲ್ಲಿ ಓಡುತ್ತಿರುತ್ತವೆ. ಮೂಳೆಯ ಗಡಿಯಾರ ನಿಧಾನ, ಹಾಗಾಗಿ ದೂರ ನಡೆಸಲು ಅವಸರವಿಲ್ಲ. ತೂಕದ ಗಡಿಯಾರ ಬಲು ಬೇಗ, ಹಾಗಾಗಿ ನಡೆಯುವುದನ್ನು ಕಲಿಸಲು ತಡ ಮಾಡುವಂತಿಲ್ಲ. ಏಳೆಂಟು ಕಿಲೋ ಇರುವಾಗ ಹಗ್ಗ ಎಳೆದರೆ ಮುದ್ದಾಗಿ ಕಾಣುವ ಮರಿಯೇ ಕೆಲವೇ ತಿಂಗಳಲ್ಲಿ 30 ಕಿಲೋ ಆಗಿ ಅದೇ ಹಗ್ಗದಲ್ಲಿ ನಮ್ಮನ್ನು ಕೆಡವುತ್ತದೆ. ನಾನು ಮೊದಲ ವರ್ಷದ ನಡಿಗೆಯನ್ನು ವ್ಯಾಯಾಮದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅದು ಪಾಠದ ಹೊತ್ತು.

ಪಾಠ ಮನೆಯೊಳಗೇ ಶುರುವಾಗುತ್ತದೆ. ಮರಿಯ ಲಸಿಕೆಗಳ ಸರಣಿ ಮುಗಿಯುವುದು ಸುಮಾರು 16 ವಾರಕ್ಕೆ. ಆದರೆ ಹೊಸ ಸದ್ದು, ಹೊಸ ಮುಖ, ಹೊಸ ನೆಲವನ್ನು ಹೆದರದೆ ಒಪ್ಪಿಕೊಳ್ಳುವ ಮನಸ್ಸು ತೆರೆದಿರುವುದು ಹೆಚ್ಚೆಂದರೆ 14 ವಾರದವರೆಗೆ. ಲಸಿಕೆ ಮುಗಿಯಲಿ ಎಂದು ಮನೆಯಲ್ಲೇ ಕೂಡಿಹಾಕಿದರೆ ಆ ಕಾಲ ಕೈ ಜಾರುತ್ತದೆ. ನೆಲಕ್ಕೆ ಬಿಟ್ಟರೆ ಪಾರ್ವೊ ಎಂಬ ಮಾರಕ ಕರುಳುಬೇನೆಯ ಭಯ. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನಾನು ಹಿಡಿದಿರುವ ದಾರಿ ಇದು: ಮರಿಯನ್ನು ಎತ್ತಿಕೊಂಡೇ ಹೊರಗೆ ಹೋಗುವುದು, ಜನ ಮತ್ತು ವಾಹನ ಓಡಾಡುವ ಕಡೆ ತೊಡೆಯ ಮೇಲೋ, ಮನೆಯಿಂದ ತಂದ ದಪ್ಪ ಚಾಪೆಯ ಮೇಲೋ ಹತ್ತು ನಿಮಿಷ ಕೂರಿಸುವುದು. ಬೇರೆ ನಾಯಿಗಳು ಮಲಮೂತ್ರ ಮಾಡುವ ಜಾಗದಲ್ಲಿ ಕಾಲಿಡಿಸುವುದೇ ಇಲ್ಲ. ಲಸಿಕೆಯಾದ, ಆರೋಗ್ಯವಾಗಿರುವ ಪರಿಚಯದ ನಾಯಿ ಇರುವ ಅಂಗಳವಾದರೆ ಅಡ್ಡಿಯಿಲ್ಲ. ಯಾವ ವಾರದಿಂದ ನೆಲದ ಮೇಲೆ ನಡೆಸಬಹುದು ಎನ್ನುವುದನ್ನು ಮಾತ್ರ ಸುತ್ತಮುತ್ತ ಹಬ್ಬಿರುವ ರೋಗ ಗೊತ್ತಿರುವ ಪಶುವೈದ್ಯರೇ ಹೇಳಬೇಕು.

ಹಾರ್ನೆಸ್ (ಹಗ್ಗ ಸಿಕ್ಕಿಸಲು ಎದೆ, ಬೆನ್ನು ಬಳಸಿ ತೊಡಿಸುವ ಪಟ್ಟಿಗಳ ಜೋಡಣೆ) ಕೊಳ್ಳುವಾಗ ಎದೆಯ ಭಾಗ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿದೆಯೇ ಎಂದು ನೋಡಿ. ಭುಜದ ಮೇಲೆ ಅಡ್ಡಪಟ್ಟಿ ಹಾಯುವ ಹಾರ್ನೆಸ್ ಮುಂಗಾಲು ಪೂರ್ತಿ ಚಾಚುವುದಕ್ಕೆ ಅಡ್ಡಿಯಾಗುತ್ತದೆ. ಬೆಳೆಯುವ ಭುಜಕ್ಕೆ ಅದು ಬೇಡ. ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಸಲೀಸಾಗಿ ನುಸುಳಬೇಕು. ಕಂಕುಳಿನ ಹಿಂದೆ ಎರಡು ಮೂರು ಬೆರಳಿನಷ್ಟು ಜಾಗ ಉಳಿಯಬೇಕು, ಇಲ್ಲವಾದರೆ ಅಲ್ಲಿ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಮರಿ ಬೆಳೆಯುವ ವೇಗಕ್ಕೆ ಇಂದು ಸರಿಯಾದ ಅಳತೆ ಮೂರು ವಾರಕ್ಕೆ ಬಿಗಿ. ವಾರಕ್ಕೊಮ್ಮೆ ತೂಕ ನೋಡುವ ದಿನವೇ ಪಟ್ಟಿಯನ್ನೂ ಸಡಿಲಿಸುವ ರೂಢಿ ಇಟ್ಟುಕೊಂಡರೆ ಮರೆಯುವುದಿಲ್ಲ. ಕತ್ತಿನ ಪಟ್ಟಿ ಗುರುತಿನ ಬಿಲ್ಲೆಗಷ್ಟೇ. ಕತ್ತು ಬಿಗಿಯುವ ಸರಪಳಿ, ಮುಳ್ಳಿನ ಪಟ್ಟಿ ಯಾವ ವಯಸ್ಸಿಗೂ ಬೇಡ ಎನ್ನುವುದು ನನ್ನ ಖಚಿತ ನಿಲುವು.

ಹಗ್ಗ 2 ಮೀಟರ್ ಉದ್ದದ್ದು, ಚಪ್ಪಟೆಯದು, ಸುಮಾರು 2 ಸೆಂಟಿಮೀಟರ್ ಅಗಲದ್ದು ಸಾಕು. ಡಬ್ಬಿಯೊಳಗೆ ಸುರುಳಿ ಸುತ್ತಿಕೊಳ್ಳುವ ಹಗ್ಗ ದೊಡ್ಡ ತಳಿಗೆ ಎರಡು ಕಾರಣಕ್ಕೆ ಕೆಟ್ಟದ್ದು. ಅದರಲ್ಲಿ ಸದಾ ಸಣ್ಣ ಎಳೆತ ಇರುವುದರಿಂದ, ಎಳೆದರೆ ದಾರಿ ಉದ್ದವಾಗುತ್ತದೆ ಎಂದೇ ಮರಿ ಕಲಿಯುತ್ತದೆ. ತೆಳು ದಾರ ಕಾಲಿಗೋ ಬೆರಳಿಗೋ ಸುತ್ತಿಕೊಂಡರೆ ಕೊಯ್ಯುತ್ತದೆ. ಮಾಮೂಲಿ ಹಗ್ಗವನ್ನೂ ಮುಂಗೈಗೆ ಸುತ್ತಿಕೊಳ್ಳಬಾರದು. ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ, ಉಳಿದದ್ದನ್ನು ಅಂಗೈಯಲ್ಲಿ ಮಡಿಸಿ ಹಿಡಿದರೆ ಬೇಕೆಂದಾಗ ಬಿಡಬಹುದು, ಬೆರಳೂ ಉಳಿಯುತ್ತದೆ.

ಸಡಿಲ ಹಗ್ಗದ ನಡಿಗೆಯನ್ನು ನಾನು ಕಲಿಸುವ ಕ್ರಮ ತೀರಾ ಸರಳ, ಆದರೆ ಬೇಸರವಿಲ್ಲದೆ ಮಾಡಬೇಕು. ಮೊದಲು ಹಗ್ಗವಿಲ್ಲದೆ ಕೋಣೆಯೊಳಗೆ. ಮರಿ ತಾನಾಗಿ ನನ್ನ ಎಡತೊಡೆಯ ಪಕ್ಕ ಬಂದಾಗಲೆಲ್ಲ ಬಟಾಣಿ ಗಾತ್ರದ ತಿನಿಸು, ಅದೂ ನನ್ನ ಪ್ಯಾಂಟಿನ ಹೊಲಿಗೆಗೆ ತಾಗಿಸಿಯೇ ಕೊಡುತ್ತೇನೆ. ತಿನಿಸು ಎಲ್ಲಿ ಸಿಗುತ್ತದೋ ಮರಿ ಅಲ್ಲೇ ಇರುತ್ತದೆ. ಕೈ ಮುಂದೆ ಚಾಚಿ ಕೊಟ್ಟರೆ ಮುಂದೆಯೇ ನಡೆಯಲು ಕಲಿಯುತ್ತದೆ. ಆಮೇಲೆ ಒಂದು ಹೆಜ್ಜೆಗೆ ಒಂದು ತಿನಿಸು, ಮೂರು ಹೆಜ್ಜೆಗೆ ಒಂದು, ಐದಕ್ಕೆ ಒಂದು. ನಾಲ್ಕೈದು ದಿನದ ಮೇಲೆ ಹಗ್ಗ. ಹಗ್ಗ ಬಿಗಿಯಾದ ಕ್ಷಣವೇ ನಿಲ್ಲುತ್ತೇನೆ, ಹಿಂದಕ್ಕೆ ಜಗ್ಗುವುದಿಲ್ಲ. ಮರಿ ತಿರುಗಿ ನೋಡಿ ಹಗ್ಗ ಸಡಿಲಿಸಿದರೆ ಮುಂದೆ ಸಾಗುತ್ತೇವೆ. ನಿಂತು ನಿಂತು ಮರಿಗೆ ಕಿರಿಕಿರಿಯಾಗುತ್ತಿದೆ ಅನಿಸಿದರೆ ಮೆಲ್ಲಗೆ ಉಲ್ಟಾ ದಿಕ್ಕಿಗೆ ತಿರುಗಿ ನಡೆಯುತ್ತೇನೆ. ಈ ತಿನಿಸೆಲ್ಲ ಆ ದಿನದ ಊಟದ ಪಾಲಿನಿಂದಲೇ ತೆಗೆದದ್ದು.

ಇದು ಕೆಡುವುದು ಒಂದೇ ಕಾರಣಕ್ಕೆ: ಹತ್ತು ಸಲ ನಿಂತು, ಹನ್ನೊಂದನೆಯ ಸಲ ಅವಸರದಲ್ಲಿ ಎಳೆದುಕೊಂಡು ಹೋಗಲು ಬಿಡುವುದು. ಒಮ್ಮೊಮ್ಮೆ ಫಲಿಸುವ ಎಳೆತವನ್ನು ಮರಿ ಬಿಡುವುದೇ ಇಲ್ಲ. ಪಾಠಕ್ಕೆ ಸಮಯವಿಲ್ಲದ ದಿನ ಹಗ್ಗವನ್ನು ಹಾರ್ನೆಸ್‌ನ ಬೇರೆ ಕೊಂಡಿಗೆ ಹಾಕಿ. ಎದೆಯ ಕೊಂಡಿ ಎಂದರೆ ಪಾಠ, ಬೆನ್ನಿನ ಕೊಂಡಿ ಎಂದರೆ ಬರೀ ಓಡಾಟ ಎಂಬ ವ್ಯತ್ಯಾಸವನ್ನು ಮರಿಗಳು ಬೇಗ ಹಿಡಿಯುತ್ತವೆ.

ಎಷ್ಟು ಹೊತ್ತು ನಡೆಸಬೇಕು? ತಿಂಗಳಿಗೆ ಐದು ನಿಮಿಷದ ಲೆಕ್ಕ ಎಲ್ಲರ ಬಾಯಲ್ಲಿದೆ: ನಾಲ್ಕು ತಿಂಗಳ ಮರಿಗೆ 20 ನಿಮಿಷ, ದಿನಕ್ಕೆ ಎರಡು ಸಲ. ಇದು ಪ್ರಯೋಗದಿಂದ ಬಂದ ಅಂಕಿಯಲ್ಲ, ಅಂದಾಜು. ಆದರೂ ಹಗ್ಗದಲ್ಲಿ, ನಮ್ಮ ವೇಗದಲ್ಲಿ, ಗಟ್ಟಿ ರಸ್ತೆಯ ಮೇಲೆ ನಡೆಸುವುದಕ್ಕೆ ಒಳ್ಳೆಯ ಮೇಲ್ಮಿತಿ. ನಿಮಿಷಕ್ಕಿಂತ ಹೆಚ್ಚು ಮುಖ್ಯವಾದದ್ದು ನೆಲ ಮತ್ತು ವೇಗ. ನಾರ್ವೆಯಲ್ಲಿ ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್, ಲಿಯೊನ್‌ಬರ್ಗರ್, ಐರಿಶ್ ವುಲ್ಫ್‌ಹೌಂಡ್ ಮರಿಗಳನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ತೋರಿಸಿತು. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ದಿನವೂ ಮೆಟ್ಟಿಲು ಬಳಸಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷ ಹೆಚ್ಚು ಕಂಡಿತು. ಅದೇ ವಯಸ್ಸಿನಲ್ಲಿ ಸ್ವಲ್ಪ ಏರಿಳಿತವಿರುವ ನೆಲದಲ್ಲಿ ಹಗ್ಗವಿಲ್ಲದೆ ಓಡಾಡಿದವುಗಳಲ್ಲಿ ಕಡಿಮೆಯಿತ್ತು.

ಹಾಗಾಗಿ ನಾನು ಹುಡುಕುವುದು ಹುಲ್ಲು, ಮಣ್ಣು, ಸಣ್ಣ ದಿಬ್ಬ. ಅಲ್ಲಿ 5ರಿಂದ 10 ಮೀಟರಿನ ಉದ್ದ ಹಗ್ಗವನ್ನು ಬೆನ್ನಿನ ಕೊಂಡಿಗೆ ಸಿಕ್ಕಿಸಿ ಮೂಸಲು ಬಿಡುತ್ತೇನೆ. ಕತ್ತಿನ ಪಟ್ಟಿಗೆ ಉದ್ದ ಹಗ್ಗ ಎಂದೂ ಕಟ್ಟಬಾರದು, ಓಡಿಬಂದ ರಭಸವೆಲ್ಲ ಹಗ್ಗದ ತುದಿಯಲ್ಲಿ ಕುತ್ತಿಗೆಗೆ ಬೀಳುತ್ತದೆ. ಬೇಕಾದಾಗ ನಡೆದು, ಬೇಕಾದಾಗ ಕೂತು, ಮೂಸುತ್ತ ಕಳೆದ ಅರ್ಧ ಗಂಟೆಯಿಂದ ಮರಿಯ ತಲೆ ದಣಿಯುತ್ತದೆ, ಕೀಲು ದಣಿಯುವುದಿಲ್ಲ. ದಣಿಯದ ಮರಿ ಮನೆಯಲ್ಲಿ ಎಲ್ಲ ಕಚ್ಚಿ ಹಾಳುಮಾಡುತ್ತದೆ ಎಂದು ಹೆಚ್ಚು ನಡೆಸುವವರಿದ್ದಾರೆ. ಬಹಳ ಸಲ ಅದು ನಿದ್ದೆಗೆಟ್ಟ ಮರಿ. ಈ ವಯಸ್ಸಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು.

ನಾನು ತಪ್ಪಿಸುವುದು: ಚೆಂಡು ಎಸೆದು ಮತ್ತೆ ಮತ್ತೆ ಓಡಿಸುವುದು, ಕಾರಿನಿಂದ ಕೆಳಕ್ಕೆ ಹಾರಿಸುವುದು, ಸೈಕಲ್ ಪಕ್ಕ ಓಡಿಸುವುದು, ನುಣುಪಾದ ಟೈಲ್ಸ್ ಮೇಲೆ ಆಡಿಸುವುದು. ಚೆಂಡಿನಲ್ಲಿ ಅಪಾಯ ಓಟವಲ್ಲ, ಕೊನೆಯಲ್ಲಿ ಗಕ್ಕನೆ ನಿಂತು ತಿರುಗುವುದು. ಟೈಲ್ಸ್‌ಗೆ ರಬ್ಬರ್ ತಳದ ಹಾಸು, ಕಾರಿಗೆ ಇಳಿಜಾರು ಹಲಗೆ. ಉಗುರು ನೆಲಕ್ಕೆ ಟಕಟಕ ಎಂದರೆ ಕತ್ತರಿಸಬೇಕು. ಉದ್ದ ಉಗುರು ಪಾದ ಊರುವ ರೀತಿಯನ್ನೇ ಬದಲಿಸುತ್ತದೆ.

ನಡಿಗೆಯ ಅರ್ಧ ಭಾಗ ಊಟದ ತಟ್ಟೆಯಲ್ಲೇ ತೀರ್ಮಾನವಾಗುತ್ತದೆ. ದುಂಡುದುಂಡಗಿನ ಮರಿ ಚೆಂದ ಕಾಣುತ್ತದೆ, ಕೀಲಿಗೆ ಮಾತ್ರ ಹೊರೆ. ಅಂಗೈ ಇಟ್ಟರೆ ಪಕ್ಕೆಲುಬು ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ ಅಧ್ಯಯನದಲ್ಲಿ ಕಾಲು ಭಾಗ ಕಡಿಮೆ ಉಂಡ ನಾಯಿಗಳಲ್ಲಿ ಕೀಲಿನ ತೊಂದರೆ ಕಡಿಮೆ ಇತ್ತು, ಅವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಮೂಳೆ ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಪುಡಿ, ಸಿರಪ್ ಸೇರಿಸುವುದು ಒಳ್ಳೆಯ ಮನಸ್ಸಿನಿಂದ ಆಗುವ ದೊಡ್ಡ ತಪ್ಪು. ಎಳೆಯ ಮರಿಯ ಕರುಳಿಗೆ ಹೆಚ್ಚುವರಿ ಕ್ಯಾಲ್ಸಿಯಂ ತಡೆಯುವ ಶಕ್ತಿ ಇರುವುದಿಲ್ಲ. ಒಳಗೆ ಹೋದದ್ದರಲ್ಲಿ ಬಹುಪಾಲು ರಕ್ತಕ್ಕೆ ಸೇರಿ ಮೂಳೆ ರೂಪುಗೊಳ್ಳುವುದನ್ನೇ ಕೆಡಿಸುತ್ತದೆ. ದೊಡ್ಡ ತಳಿಯ ಮರಿಗೆಂದೇ ಮಾಡಿದ ಸಮತೋಲಿತ ಆಹಾರ ಕೊಡುತ್ತಿದ್ದರೆ ಮೇಲೆ ಏನೂ ಬೇಡ. ಮನೆಯಡುಗೆಯೇ ಕೊಡುವುದಾದರೆ ಅಳತೆಯನ್ನು ಪಶು ಪೋಷಣಾ ತಜ್ಞರಿಂದಲೇ ಬರೆಸಿಕೊಳ್ಳಬೇಕು.

ಊಟಕ್ಕೂ ನಡಿಗೆಗೂ ನಡುವೆ ಒಂದೂವರೆ ಗಂಟೆ ಬಿಡುತ್ತೇನೆ. ಆಳವಾದ ಎದೆಯ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಬಿಗಿದು, ವಾಂತಿ ಬರುವಂತೆ ಓಕರಿಸಿದರೂ ಏನೂ ಹೊರಬರದಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಅದು ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ.

ಬಿಸಿಲಿನಲ್ಲಿ ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡ್ ಇಡಿ. ಆಗದಿದ್ದರೆ ಮರಿಯ ಪಾದಕ್ಕೂ ಆಗದು. ನಾಲಿಗೆ ಅಗಲವಾಗಿ ಹೊರಚಾಚಿ, ಏದುಸಿರು ನಿಲ್ಲದೆ, ಹೆಜ್ಜೆ ತೂರಾಡಿದರೆ ತಕ್ಷಣ ನೆರಳಿಗೆ ತಂದು ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಹೊರಡಬೇಕು. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ಕುಂಟುವುದನ್ನು ಓದಲು ಕಲಿಯುವುದು ಬಹಳ ಉಪಯೋಗಕ್ಕೆ ಬರುತ್ತದೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರುವಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲು ಊರುವಾಗ ತಲೆ ತಗ್ಗುತ್ತದೆ. ಹಿಂಗಾಲುಗಳೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುವುದು, ಕೂತರೆ ಏಳಲು ತಡ ಮಾಡುವುದು ಸೊಂಟದ ಕಡೆ ಬೆರಳು ತೋರಿಸುತ್ತದೆ. 5ರಿಂದ 18 ತಿಂಗಳೊಳಗೆ ಒಂದು ವಾರ ಈ ಕಾಲು, ಮುಂದಿನ ವಾರ ಆ ಕಾಲು ಎಂದು ಕುಂಟು ಜಾಗ ಬದಲಿಸಿದರೆ ಪ್ಯಾನೋಸ್ಟಿಯೈಟಿಸ್, ಅಂದರೆ ಬೆಳೆಯುವ ಮರಿಯ ಉದ್ದ ಮೂಳೆಗಳಲ್ಲಿ ಬರುವ ಉರಿಯೂತ, ಇರಬಹುದು, ಜರ್ಮನ್ ಶೆಫರ್ಡ್‌ಗಳಲ್ಲಿ ಸಾಮಾನ್ಯ. ಅದು ಕಾಲಕ್ರಮೇಣ ತಾನೇ ಹೋಗುತ್ತದೆ, ಆದರೆ ನೋವು ನಿಜ, ಔಷಧ ಬೇಕು. ಕುಂಟು ಒಂದು ದಿನ ದಾಟಿದರೆ ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸುತ್ತೇನೆ. ಜ್ವರ ಮತ್ತು ಮಣಿಕಟ್ಟಿನ ಊತ ಸೇರಿದ್ದರೆ ಅದೇ ದಿನ. ಮನುಷ್ಯರ ನೋವಿನ ಮಾತ್ರೆ ಒಂದನ್ನೂ ಕೊಡಬಾರದು. ಐಬುಪ್ರೊಫೆನ್ ನಾಯಿಗೆ ವಿಷ. ಫೋನಿನಲ್ಲಿ ಮರಿ ನಡೆಯುವ ವಿಡಿಯೊ ಮಾಡಿಕೊಂಡು ಹೋಗಿ, ಏಕೆಂದರೆ ಆಸ್ಪತ್ರೆಯ ಗಾಬರಿಯಲ್ಲಿ ಮರಿ ಕುಂಟುವುದನ್ನೇ ಮರೆಯುತ್ತದೆ.

ಏಳೆಂಟು ತಿಂಗಳಿಗೆ ಕಲಿತದ್ದೆಲ್ಲ ಮರೆತಂತೆ ಆಡುವ ಕಾಲ ಬರುತ್ತದೆ. ನಿನ್ನೆ ದಾಟಿದ ಕಸದ ತೊಟ್ಟಿಗೆ ಇಂದು ಬೊಗಳುತ್ತದೆ. ಗದರಿದರೆ ಹೆದರಿಕೆ ಬೇರೂರುತ್ತದೆ. ಹೆದರಿದ ವಸ್ತುವಿನಿಂದ, ಮರಿ ತಿನಿಸು ತಿನ್ನುವಷ್ಟು ನೆಮ್ಮದಿಯಾಗುವ ದೂರಕ್ಕೆ ಸರಿದು, ಅದನ್ನು ನೋಡಲು ಬಿಟ್ಟು, ನೋಡಿದ್ದಕ್ಕೆ ತಿನಿಸು ಕೊಡುತ್ತೇನೆ. ಪಾಠವನ್ನು ಒಂದು ಹೆಜ್ಜೆಗೆ ಒಂದು ತಿನಿಸಿನ ಹಂತಕ್ಕೆ ಮರಳಿಸುತ್ತೇನೆ. ವಾರಗಳು ಹಿಡಿಯುತ್ತವೆ, ಆದರೆ ಮೊದಲ ಸಲಕ್ಕಿಂತ ಬೇಗ ಹಿಂದಿರುಗುತ್ತದೆ.

18 ತಿಂಗಳಾಗಿ, ವೈದ್ಯರು ಕೀಲು ನೋಡಿ ಸರಿ ಎಂದ ಮೇಲೆ ದೂರ ಏರಿಸುವುದು, ಅದೂ ವಾರಕ್ಕೆ ಹತ್ತನೇ ಒಂದು ಭಾಗದಷ್ಟು. ಓಟಕ್ಕೆ ಕರೆದೊಯ್ಯುವುದಾದರೆ ಹತ್ತು ನಿಮಿಷ ನಡಿಗೆ, ಆಮೇಲೆ ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆಯಂತೆ ಐದು ಸುತ್ತು, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮರುದಿನ ಬೆಳಗ್ಗೆ ಹಾಸಿಗೆಯಿಂದ ಏಳುವಾಗಿನ ಮೊದಲ ಹತ್ತು ಹೆಜ್ಜೆ ನೋಡಿ. ಅದರಲ್ಲಿ ಬಿಗಿತ ಕಂಡರೆ ಹಿಂದಿನ ವಾರದ ಅಳತೆಗೆ ಇಳಿಯಬೇಕು.