ಕೀಮೋ ಸುಸ್ತಿಗೆ ಆರೇ ಸೂಜಿ: ನನ್ನ ಅನುಭವ

"ಆರು ಸೂಜಿಯಲ್ಲಿ ಎಂತ ಆಗುತ್ತದೆ ಮಾರಾಯ?" ಅಂತ ನಮ್ಮ ಸೀನಿಯರ್ ಒಬ್ಬರು ಫೋನಿನಲ್ಲೇ ನಕ್ಕಿದ್ದರು. ಕೀಮೋ ಆದವರ ಸುಸ್ತಿಗೆ ಆರೇ ಅಕ್ಯುಪಂಕ್ಚರ್ ಸೂಜಿ ಹಾಕುತ್ತೇನೆ ಅಂದದ್ದಕ್ಕೆ ಈ ನಗು. ಕ್ಯಾನ್ಸರ್ ಡಾಕ್ಟರೊಬ್ಬರು ಇನ್ನೂ ಮುಂದೆ ಹೋಗಿ, "ಒಂದೂ ಬೇಡ, ಪಕ್ಕದಲ್ಲಿ ಸುಮ್ನೆ ಕೂತರೂ ಅಷ್ಟೇ ಗುಣ" ಅಂದಿದ್ದರು. ಆಗ ಇಬ್ಬರಿಗೂ ಉತ್ತರ ಕೊಡಲಿಲ್ಲ. ಈಗ ಬರೆಯುತ್ತಿದ್ದೇನೆ.

ನನ್ನ ಕ್ಲಿನಿಕ್ ಉಡುಪಿಯಲ್ಲಿ. ಬರುವವರಲ್ಲಿ ಹೆಚ್ಚಿನವರಿಗೆ ಸೊಂಟನೋವು, ಗಂಟುನೋವು. 2018ರ ಹೊತ್ತಿಗೆ ಗಂಟುನೋವಿನ ಒಬ್ಬರು ತಮ್ಮ ಅಕ್ಕನನ್ನು ಕರೆದುಕೊಂಡು ಬಂದರು. ಸ್ತನದ ಆಪರೇಷನ್ ಆಗಿತ್ತು. ಕೀಮೋ ಮುಗಿದು ನಾಲ್ಕು ತಿಂಗಳು. "ನೋವು ಎಂತದೂ ಇಲ್ಲ ಡಾಕ್ಟ್ರೇ, ಬರೀ ಬಚ್ಚೆಲ್, ಸುಸ್ತು. ಮಿಂದು ಬಂದರೆ ತಲೆ ಒರೆಸಿಕೊಳ್ಳಲಿಕ್ಕೂ ಕೈ ಏಳುವುದಿಲ್ಲ" ಅಂದರು.

ನಾನು ಹುಮ್ಮಸ್ಸಿನಲ್ಲಿ ಹದಿನಾಲ್ಕು ಸೂಜಿ ಹಾಕಿದೆ. ದೆ ಚಿ, ಅಂದರೆ ಸೂಜಿ ಹಾಕಿದಲ್ಲಿ ಭಾರ, ಜೋಮು ಬರುವ ತನಕ ತಿರುಗಿಸಿದೆ. ನಲವತ್ತು ನಿಮಿಷ ಮಲಗಿಸಿದೆ. ಎದ್ದು, "ಹಗುರ ಆಯಿತು" ಅಂತ ನಕ್ಕು ಹೋದರು. ಆಮೇಲೆ ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲವಂತೆ. "ಇದ್ದ ಶಕ್ತಿಯನ್ನೂ ತೆಗೆದಿರಲ್ಲ" ಅಂತ ಮಗ ಫೋನಿನಲ್ಲಿ ಬೈದ. ಅವನು ಹೇಳಿದ್ದು ಸರಿಯೇ ಇತ್ತು.

ಎರಡನೆಯ ಪೆಟ್ಟು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್‌ನದ್ದು. ಹತ್ತು ದಿನ ಹಳೆಯ ರಿಪೋರ್ಟ್ ನಂಬಿ ಮೊಣಕಾಲಿನ ಕೆಳಗಿನ ಪಾಯಿಂಟ್, ಎಸ್‌ಟಿ 36ಕ್ಕೆ ಹಾಕಿದೆ. ಮರುದಿನ ಅಂಗೈ ಅಗಲಕ್ಕೆ ನೀಲಿಗಟ್ಟಿತ್ತು. ಅಂದಿನಿಂದ ಕೀಮೋ ನಡೆಯುತ್ತಿರುವವರು ಮೂರು ದಿನದೊಳಗಿನ ರಿಪೋರ್ಟ್ ತರಬೇಕು. ಪ್ಲೇಟ್ಲೆಟ್ 50 ಸಾವಿರಕ್ಕಿಂತ ಕೆಳಗಿದ್ದರೆ, ಸೋಂಕು ತಡೆಯುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ ಸಾವಿರಕ್ಕಿಂತ ಕೆಳಗಿದ್ದರೆ ಸೂಜಿ ಇಲ್ಲ. ಕಂಕುಳಿನ ದುಗ್ಧಗ್ರಂಥಿಯ ಗಂಟು ತೆಗೆದ ಬದಿಯ ಕೈಗೂ ಇಲ್ಲ. ಅಂಥವರಿಗೆ ಆರು ಹೋಗಿ ಐದೇ ಆಗುತ್ತದೆ, ಆಗಲಿ.

ಮೂರನೆಯದ್ದು ಹೇಳಲು ನಾಚಿಕೆ. ಒಬ್ಬ ಗಂಡಸಿಗೆ ನಾಲ್ಕು ವಾರ ಚುಚ್ಚಿದೆ, ಕೂದಲಷ್ಟೂ ಬದಲಾವಣೆ ಇಲ್ಲ. ಕೊನೆಗೆ ನೋಡಿದರೆ ಹಿಮೋಗ್ಲೋಬಿನ್ ಏಳರ ಹತ್ತಿರ. ರಕ್ತ ಕೊಟ್ಟ ಮೇಲೆ ಆಸಾಮಿ ತಾನೇ ಮೀನು ಮಾರ್ಕೆಟಿಗೆ ಹೋಗಿ ಬಂದ. ಈಗ ಹಿಮೋಗ್ಲೋಬಿನ್ ನೋಡದೆ ಸೂಜಿಯ ಪ್ಯಾಕೆಟ್ ಹರಿಯುವುದೇ ಇಲ್ಲ. ಕುತ್ತಿಗೆಗೆ ರೇಡಿಯೇಷನ್ ಆದವರಿಗೆ ಥೈರಾಯ್ಡ್ ಕೂಡ ನೋಡಿಸುತ್ತೇನೆ, ಅದು ಕಡಿಮೆಯಾದರೂ ಸುಸ್ತೇ.

ಆರು ಸೂಜಿ ನನ್ನ ಸ್ವಂತ ಬುದ್ಧಿಯಲ್ಲ. 2012ರಲ್ಲಿ ಬಂದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಸ್ತನ ಕ್ಯಾನ್ಸರಿನ 302 ಜನ ಇದ್ದರು. ಎಸ್‌ಟಿ 36, ಎಸ್‌ಪಿ 6, ಎಲ್‌ಐ 4, ಮೂರೇ ಪಾಯಿಂಟ್ (ಮೊಣಕಾಲಿನ ಕೆಳಗೆ, ಕಣಕಾಲಿನ ಮೇಲೆ, ಹೆಬ್ಬೆರಳು ತೋರುಬೆರಳಿನ ನಡುವೆ), ಎರಡೂ ಬದಿ ಸೇರಿ ಆರು ಸೂಜಿ, ಅಷ್ಟೇ. ವಾರಕ್ಕೊಮ್ಮೆ 20 ನಿಮಿಷ, ಆರು ವಾರ. ಸೂಜಿ ಹಾಕಿಸಿಕೊಂಡವರ ಸುಸ್ತು ಚೆನ್ನಾಗಿ ಇಳಿದಿತ್ತು. ಆ ಕ್ಯಾನ್ಸರ್ ಡಾಕ್ಟರು ಇದಕ್ಕೆ ಉತ್ತರವಾಗಿ ನ್ಯೂಯಾರ್ಕಿನ 2013ರ ಅಧ್ಯಯನವನ್ನು ಎದುರಿಗಿಟ್ಟರು. ಅದರಲ್ಲಿ ನಿಜವಾದ ಸೂಜಿಗೂ ತೋರಿಕೆಗೆ ಮಾತ್ರ ಹಾಕುವ ನಕಲಿ ಸೂಜಿಗೂ ವ್ಯತ್ಯಾಸ ಕಾಣಲಿಲ್ಲ. ಅದೂ ಸುಳ್ಳಲ್ಲ. ನನ್ನ ಹತ್ತಿರ ನಕಲಿ ಸೂಜಿಯೂ ಇಲ್ಲ, ಹೋಲಿಸಿ ನೋಡಲು ಬೇರೆ ಗುಂಪೂ ಇಲ್ಲ. ಇರುವುದು ಒಂದು ಡೈರಿ ಮಾತ್ರ.

ಆ ಡೈರಿಯೇ ನನ್ನನ್ನು ದಾರಿಗೆ ತಂದದ್ದು. ಮೊದಮೊದಲು ರೋಗಿ ಎದ್ದ ಕೂಡಲೇ "ಸುಸ್ತು ಹತ್ತರಲ್ಲಿ ಎಷ್ಟು?" ಅಂತ ಕೇಳುತ್ತಿದ್ದೆ. ಎಲ್ಲರೂ ಮೂರು, ನಾಲ್ಕು ಅನ್ನುತ್ತಿದ್ದರು. ಇಪ್ಪತ್ತು ನಿಮಿಷ ಫ್ಯಾನಿನಡಿ ಮಲಗಿ ಎದ್ದವರು ಮತ್ತೇನು ಹೇಳುತ್ತಾರೆ? ಡಾಕ್ಟ್ರಿಗೆ ಬೇಜಾರಾಗಬಾರದು ಅಂತಲೂ ಹೇಳುತ್ತಾರೆ, ಅಲ್ವಾ? ಆಮೇಲೆ ಮರುದಿನ ಸಂಜೆ ಫೋನ್ ಮಾಡಿ ಕೇಳತೊಡಗಿದೆ. ಲೆಕ್ಕವೇ ತಲೆಕೆಳಗಾಯಿತು. ಇಲ್ಲೇ ಪಕ್ಕದ ಅಂಬಲಪಾಡಿಯವರು ಐದು ಅಂದರೆ ಕುಂದಾಪುರದಿಂದ ಬಂದವರು ಎಂಟು ಅನ್ನುತ್ತಿದ್ದರು. ಅದೇ ಸೂಜಿ, ಅದೇ ಕೈ. ಸಾಧಾರಣ ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕೂತು ಬಂದು, ಸ್ಟ್ಯಾಂಡಿನಿಂದ ರಿಕ್ಷಾ ಹಿಡಿದು, ಮತ್ತೆ ಹಾಗೆಯೇ ವಾಪಸ್. ನಾನು ಕೊಟ್ಟದ್ದನ್ನೆಲ್ಲ ಬಸ್ಸು ಕಿತ್ತುಕೊಳ್ಳುತ್ತಿತ್ತು.

ಹಾಗಾಗಿ ನಾನೇ ಸ್ಕೂಟರ್ ಹತ್ತಿದೆ. ಸೋಮವಾರ ಕಟಪಾಡಿ, ಕಾಪು. ಬುಧವಾರ ಸಂತೆಕಟ್ಟೆ, ಬ್ರಹ್ಮಾವರ. ಶುಕ್ರವಾರ ಮಲ್ಪೆ ಕಡೆ. ಕುಂದಾಪುರದವರನ್ನು ಮಾತ್ರ ಬಿಡಬೇಕಾಯಿತು, ಆ ಬೇಜಾರು ಇನ್ನೂ ಉಂಟು. ಡಿಕ್ಕಿಯಲ್ಲಿ ಸೂಜಿ, ಸ್ಪಿರಿಟ್, ಹತ್ತಿ, ಬಳಸಿದ ಸೂಜಿ ಹಾಕುವ ಡಬ್ಬ. ಮನೆಯವರ ಎದುರೇ ಆರು ಒಳಗೆ, ಆರು ಹೊರಗೆ ಅಂತ ಎಣಿಸುತ್ತೇನೆ. ಒಮ್ಮೆ ಒಂದು ಸೂಜಿ ಚಾಪೆಯ ಸಂದಿಯಲ್ಲಿ ಸಿಕ್ಕಿದ್ದು ಆ ಮನೆಯ ಅಜ್ಜನ ಕಾಲಿಗೆ!

ದುಡ್ಡಿನ ಮಾತು. ಒಂದು ಸಿಟ್ಟಿಂಗಿಗೆ 300 ರೂಪಾಯಿ. ಸೂಜಿ, ಹತ್ತಿ ಎಲ್ಲ ಸೇರಿ ಇಪ್ಪತ್ತು ಹೋಗಬಹುದು, ಪೆಟ್ರೋಲ್ ಬೇರೆ. ಮೂರು ಮನೆಗೆ ಅರ್ಧ ದಿನ ಬೇಕು. ಅಷ್ಟರಲ್ಲಿ ಕ್ಲಿನಿಕ್ಕಿನಲ್ಲಿ ಎಂಟು ಸೊಂಟ ನೋಡಬಹುದಿತ್ತು. ಮೊದಲ ವರ್ಷ ತಿಂಗಳಿಗೆ ಹತ್ತು ಸಾವಿರ ಕೈಬಿಟ್ಟಿತು ಅಂತ ನನ್ನ ಅಂದಾಜು. ಹೆಂಡತಿಯ ಅಂದಾಜು ಹದಿನೈದು.

ನಡುವೆ ಬೇರೆ ಹುಚ್ಚುಗಳೂ ಇದ್ದವು. ಮೋಕ್ಸಾ, ಅಂದರೆ ಪಾಯಿಂಟಿನ ಹತ್ತಿರ ಕಾವು ಕೊಡಲು ಉರಿಸುವ ಒಣ ಮೂಲಿಕೆ, ಹಚ್ಚಿ ನೋಡಿದೆ. ಕೀಮೋ ಆದವರಿಗೆ ಒಗ್ಗರಣೆಯ ವಾಸನೆಯೇ ಆಗುವುದಿಲ್ಲ, ಆ ಹೊಗೆ ಆಗುತ್ತದಾ? ಒಬ್ಬರು ವಾಂತಿ ಮಾಡಿಕೊಂಡರು, ಅಲ್ಲಿಗೆ ಮುಗಿಯಿತು. ಒಂಬತ್ತು ಸಾವಿರಕ್ಕೆ ತಂದ, ಸೂಜಿಗೆ ಸಣ್ಣ ಕರೆಂಟ್ ಕೊಡುವ ಎಲೆಕ್ಟ್ರೋ ಮಷಿನನ್ನು ನಾಲ್ಕಕ್ಕೆ ಕೊಟ್ಟೆ. ಕಿವಿಯ ಪಾಯಿಂಟಿಗೆ ಒತ್ತಲು ಸಾಸಿವೆ ಅಂಟಿಸುವುದು ಬೇಸಿಗೆಯಲ್ಲಿ ಪರವಾಗಿಲ್ಲ. ಆಟಿ ತಿಂಗಳ ಮಳೆಯ ತೇವಕ್ಕೆ ಟೇಪು ನಿಲ್ಲುವುದಿಲ್ಲ, ನಿಂತರೆ ತುರಿಕೆ.

ಈಗಿನ ಕ್ರಮ ಇಷ್ಟು. ಕೀಮೋ ಪೂರ್ತಿ ಮುಗಿದ ಮೇಲೆಯೇ ಆರು ವಾರದ ಕೋರ್ಸ್. ಮೂರು ವಾರಕ್ಕೊಮ್ಮೆ ಕೀಮೋ ಇರುವವರು ತೀರಾ ಒತ್ತಾಯಿಸಿದರೆ ಮೂರನೆಯ ವಾರದಲ್ಲಿ ಒಂದೇ ಸಿಟ್ಟಿಂಗ್. ಸೂಜಿ ತಿರುಗಿಸುವುದು ಬಹಳ ಕಡಿಮೆ. ಹೊಟ್ಟೆಗೆ ಗಂಜಿಯಾದರೂ ಬಿದ್ದಿರಬೇಕು. ಹಾಕುವ ಅನುಕ್ರಮದಲ್ಲಿ ಒಂದು ಸಣ್ಣ ಕಿತಾಪತಿ ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಚಹಾ ಕುಡಿದರೆ ಹೇಳಿಯೇನು.

ಇಲ್ಲಿಯ ತನಕ ನಲವತ್ತು ಚಿಲ್ಲರೆ ಜನ ಕೋರ್ಸ್ ಮುಗಿಸಿದ್ದಾರೆ. ಸ್ಕೂಟರ್ ಹತ್ತಿದ ಮೇಲೆ ಮರುದಿನದ ಲೆಕ್ಕದಲ್ಲಿ ಎರಡು ಅಂಕ ಅಥವಾ ಜಾಸ್ತಿ ಇಳಿದವರು ಇಪ್ಪತ್ತೈದು ಇರಬಹುದು. ಉಳಿದವರಿಗೆ ಏನೂ ಆಗಲಿಲ್ಲ, ಇಲ್ಲಾ ಆದದ್ದು ನಿಲ್ಲಲಿಲ್ಲ. ಕ್ಯಾನ್ಸರಿಗೆ ಇದು ಮದ್ದಲ್ಲ ಅಂತ ಮೊದಲ ದಿನವೇ ಎರಡು ಸಲ ಹೇಳುತ್ತೇನೆ. ಸೂಜಿ ಸಾಕು, ಕೀಮೋ ಬೇಡ ಅಂದ ಒಬ್ಬರನ್ನು ನಾನೇ ಬೈದು ವಾಪಸ್ ಆಸ್ಪತ್ರೆಗೆ ಕಳಿಸಿದ್ದೇನೆ. ಅದಾದ ಮೇಲೆಯೇ ಆ ಕ್ಯಾನ್ಸರ್ ಡಾಕ್ಟರು ನನ್ನ ಹತ್ತಿರ ಸರಿಯಾಗಿ ಮಾತಾಡಿದ್ದು. ಈಗ ಆಗೊಮ್ಮೆ ಈಗೊಮ್ಮೆ ಚೀಟಿ ಬರೆದು ಕಳಿಸುತ್ತಾರೆ. ಚೀಟಿಯಲ್ಲಿ ಪ್ಲೇಟ್ಲೆಟ್ ಎಷ್ಟು ಅಂತ ಇರುತ್ತದೆ, ಬೇರೆ ಒಂದು ಅಕ್ಷರ ಇಲ್ಲ.

ಜೋರು ಮಳೆಯಲ್ಲಿ ಸ್ಕೂಟರ್ ಆಗುವುದಿಲ್ಲ. ಆಗ ಮನೆಯವರಿಗೇ ಒತ್ತುವುದನ್ನು ಕಲಿಸುತ್ತೇನೆ, ಒಂದೊಂದು ಪಾಯಿಂಟಿಗೆ ಮೂರು ನಿಮಿಷ. ಕಾಪುವಿನ ಒಬ್ಬರು ಅಮ್ಮ ಕಳೆದ ಜುಲೈಯಲ್ಲಿ ಫೋನ್ ಮಾಡಿದ್ದರು. "ಡಾಕ್ಟ್ರೇ, ಸೊಸೆ ಮೊಬೈಲ್ ನೋಡಿಕೊಂಡು ಒತ್ತುತ್ತಾಳೆ, ಮೂರು ನಿಮಿಷ ಅಂತ ಒಂದೂವರೆಗೇ ಬಿಡುತ್ತಾಳೆ. ನೀವು ಯಾವಾಗ ಬರುವುದು?"