ಸತುವಿನ ಸಿಪಾಯಿಯ ಕುತ್ತಿಗೆಗೆ ಬೆಸುಗೆ: ನನ್ನ ಅನುಭವ

ರೆಗ್ಯುಲ್‌ಗೆ, ಅಂದರೆ ಕಂಚಿನ ಬದಲು ಪ್ರತಿಮೆ ಎರಕ ಹೊಯ್ಯುವ ಅಗ್ಗದ ಸತುವಿನ ಲೋಹಕ್ಕೆ, ಬೆಸುಗೆ ನಿಲ್ಲುವುದಿಲ್ಲ, ಎಪಾಕ್ಸಿ ಅಂಟು ಮೆತ್ತಿ ಮುಗಿಸು ಅಂತ ಇಲ್ಲಿ ಫ್ರಾನ್ಸಿನಲ್ಲಿ ನನಗೆ ಗೊತ್ತಿರುವ ರಿಪೇರಿಯವರೆಲ್ಲ ಹೇಳಿದ್ದರು. ನನ್ನ ಪ್ರತಿಮೆಯ ಕುತ್ತಿಗೆ ಈಗ ಗಟ್ಟಿಯಾಗಿ ನಿಂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲಿಲ್ ಊರಿನ ಸೆಪ್ಟೆಂಬರ್ ಸಂತೆಯಲ್ಲಿ ಸುಮಾರು 40 ಯೂರೋಗೆ ಸಿಕ್ಕಿದ್ದು. ನೆಪೋಲಿಯನ್ನನ ಓಲ್ಡ್ ಗಾರ್ಡ್ ಎಂಬ ಆಯ್ದ ಪಡೆಯ ಮುದಿ ಗ್ರೆನೇಡಿಯರ್ ಸಿಪಾಯಿ. ಕರಡಿ ತುಪ್ಪಳದ ಟೋಪಿ, ಜೋತುಬಿದ್ದ ಮೀಸೆ, ಕಿವಿಯಲ್ಲಿ ಪುಟ್ಟ ರಿಂಗು. ಮಾರಿದವನು ಕಂಚು ಅಂದ. ಬುಡ ಕೆರೆದು ನೋಡಿದರೆ ಬೂದು ಬಿಳುಪು, ಸತು. ನೆಪೋಲಿಯನ್ ಕಾಲದ್ದು ಅಂತಲೂ ಅಂದ. ಎದೆಯ ಮೇಲೆ ಸೇಂಟ್ ಹೆಲೆನಾ ಪದಕ ಇತ್ತು. ನೆಪೋಲಿಯನ್ನನ ಹಳೆಯ ಸೈನಿಕರಿಗೆ ಅದನ್ನು ಕೊಡಲು ಶುರು ಮಾಡಿದ್ದೇ 1857ರಲ್ಲಿ, ಅವನ ತಮ್ಮನ ಮಗ ಮೂರನೇ ನೆಪೋಲಿಯನ್. ಹಾಗಾಗಿ ಪ್ರತಿಮೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಬೆಲೆ ಇಳಿಸಲು ಈ ಒಂದು ಮಾತು ಸಾಕಾಯಿತು.

ಕಾಲರಿನ ಮೇಲೆ ಕುತ್ತಿಗೆ ಸುತ್ತ ಅರ್ಧದಷ್ಟು ಬಿರುಕು. ಒಳಗೆ ಟೊಳ್ಳು, ಗೋಡೆ ಎರಡು ಮೂರು ಮಿಲಿಮೀಟರ್ ಇದ್ದೀತು. ಯಾರೋ ಹಿಂದೆ ಹಾಕಿದ್ದ ಎಪಾಕ್ಸಿ ಹಳದಿಯಾಗಿ ಎದ್ದು ಬಂದಿತ್ತು. ಅದನ್ನು ಕೀಳುವುದಕ್ಕೇ ಒಂದು ವಾರ ಹಿಡಿಯಿತು.

ಮೊದಲು ಗುಜರಿ ತುಂಡುಗಳ ಮೇಲೆ ಮಾಡಿ ನೋಡಿದೆ. ಗ್ಯಾಸ್ ಟಾರ್ಚಿನ ಉರಿ ಹಿಡಿದರೆ ಸತು ಕೆಂಪಾಗಿ ಎಚ್ಚರಿಸುವುದೇ ಇಲ್ಲ, ತೆಳು ಅಂಚು ಏಕಾಏಕಿ ಕುಸಿಯುತ್ತದೆ. ಮಾಮೂಲಿ ತವರ-ಸೀಸದ ಬೆಸುಗೆ ಕೆಲವು ಕಡೆ ಹಿಡಿಯಿತು, ಕೆಲವು ಕಡೆ ಉಂಡೆಯಾಗಿ ಉರುಳಿತು. ಕೊನೆಗೆ ಗೆದ್ದದ್ದು ಬಿಸ್ಮತ್-ತವರ. 138 ಡಿಗ್ರಿಗೇ ಕರಗುತ್ತದೆ, ಸತುವಿಗೆ 419 ಬೇಕು. ಇಷ್ಟು ಅಂತರ ಇದ್ದರೆ ಕೈ ನಡುಗುವುದಿಲ್ಲ. ತಂತಿಗೆ 25 ಯೂರೋ ಕೊಟ್ಟ ನೆನಪು.

ಆದರೆ ಬಿಸ್ಮತ್ ಬೆಸುಗೆ ಬಿರುಸು, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದಕ್ಕೆ ಒಳಗಡೆಯಿಂದ ತಾಮ್ರದ ತೆಳು ಪಟ್ಟಿ ಬಗ್ಗಿಸಿ ಕೂರಿಸಿದೆ. ಭಾರ ಹೊರುವುದು ಪಟ್ಟಿ, ಬೆಸುಗೆ ಬರೀ ಹಿಡಿದುಕೊಳ್ಳುತ್ತದೆ. ಅಂಚನ್ನು ಹೊಳೆಯುವವರೆಗೆ ಕೆರೆದು, ಇಡೀ ಪ್ರತಿಮೆಯನ್ನು ಹಾಟ್ ಏರ್ ಗನ್ನಿನಲ್ಲಿ ಮುಂಚೆಯೇ ಬಿಸಿ ಮಾಡಬೇಕು. ಇಲ್ಲದಿದ್ದರೆ ಸತು ಶಾಖವನ್ನೆಲ್ಲ ಎಳೆದುಬಿಡುತ್ತದೆ. ಬೆಸುಗೆ ಹಿಡಿಯಲಿ ಅಂತ ಮೊದಲು ಹಚ್ಚುವ ಫ್ಲಕ್ಸ್ ಜಿಂಕ್ ಕ್ಲೋರೈಡ್. ಅದಕ್ಕೆ ನಾನು ಇನ್ನೊಂದು ವಸ್ತು ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ. ಆಮೇಲೆ ಬಿಸಿನೀರು, ಅಡುಗೆ ಸೋಡಾ ಹಾಕಿ ಚೆನ್ನಾಗಿ ತೊಳೆಯಿರಿ. ಕ್ಲೋರೈಡ್ ಉಳಿದರೆ ಬಿಳಿ ಪುಡಿ ಏಳುವುದು ಖಂಡಿತ.

ಬೆಸುಗೆಯ ಗುರುತು ಮುಚ್ಚಲು ನಡುವೆ ಮೈಲುತುತ್ತದ ನೀರು ಹಚ್ಚಿ ತಾಮ್ರ ಹಿಡಿಸಲು ಹೋದೆ. ಕಪ್ಪು ಪುಡಿ ಕೂತಿತು, ಬಟ್ಟೆಯಲ್ಲಿ ಒರೆಸಿದರೆ ಪೂರ್ತಿ ಬಂತು. ನಿಂಬೆರಸ ಬೆರೆಸಿದರೂ ಅಷ್ಟೇ. ಕೊನೆಗೆ ಅರಗಿನ ವಾರ್ನಿಷ್‌ನಲ್ಲಿ ಕಂಚಿನ ಪುಡಿ, ಕಂದು ಬಣ್ಣ ಕಲಸಿ ಪದರ ಪದರವಾಗಿ ಬಳಿದೆ. ಎಷ್ಟು ಪದರ, ಯಾವುದು ಮೊದಲು ಅನ್ನುವುದು ಕೈಗೆ ಬರಬೇಕು. ಮೇಲೊಂದು ಕೈ ಮೇಣ. ಬಿರುಕು ಎಲ್ಲಿತ್ತು ಅಂತ ಒಬ್ಬ ಅನುಭವಿ ವ್ಯಾಪಾರಿಗೂ ಗೊತ್ತಾಗಲಿಲ್ಲ, ನಾನೇ ಬೆರಳಿಟ್ಟು ತೋರಿಸಿದೆ.

ಒಟ್ಟು ಖರ್ಚು ನೂರು ಯೂರೋ ಒಳಗೇ. ಒಂದು ವರ್ಕ್‌ಶಾಪ್ ಇದಕ್ಕೇ ಮುನ್ನೂರು ಕೇಳಿತ್ತು. ಸುಮಾರು 260 ಯೂರೋ ಕೊಡುತ್ತೇವೆ ಅಂತ ಗಿರಾಕಿ ಬಂದಿದ್ದಾರೆ, ರಿಪೇರಿ ಆಗಿರುವುದನ್ನು ಹೇಳಿದ ಮೇಲೂ. ಕೊಡುವ ಮನಸ್ಸಿಲ್ಲ.