ಸಂದೇಶ ತೋರಿದ ದಾರಿ ಬಿಟ್ಟು ನಮ್ಮ ದಾರಿ ಹಿಡಿಯುವುದು

ಜಯನಗರದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವ ನಾನು ಹೊಸ ಮಾಧ್ಯಮ ಮತ್ತು ಡಿಜಿಟಲ್ ಸಾಕ್ಷರತೆಯ ತರಬೇತಿಗೆ ಸೇರಿದ್ದು ವಿದ್ಯಾರ್ಥಿಗಳ ಸಲುವಾಗಿ. ಪ್ರಾಜೆಕ್ಟ್ ವರದಿಗೆಂದು ಅವರು ಅಂತರ್ಜಾಲದಿಂದ ಎತ್ತಿಕೊಂಡು ಬರುವ ಮಾಹಿತಿಯನ್ನು ಹೇಗೆ ಪರೀಕ್ಷಿಸಬೇಕೆಂದು ಹೇಳಿಕೊಡುವುದು ನನ್ನ ಕೆಲಸದ ಒಂದು ಭಾಗ. ಆದರೆ ಅಲ್ಲಿ ಕಲಿತದ್ದು ನನಗೆ ಹೆಚ್ಚು ಬಳಕೆಗೆ ಬಂದಿರುವುದು ಮನೆಯಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ್ತು ಗಾಂಧಿ ಬಜಾರಿನಲ್ಲಿ. ಅದನ್ನು ಹೇಗೆ ಬಳಸಿದೆನೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ತರಬೇತಿಯಲ್ಲಿ ಹೇಳಿದ ಅನೇಕ ವಿಷಯಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇತಿಹಾಸಕಾರರು, ವಿದ್ಯಾರ್ಥಿಗಳು ಮತ್ತು ವೃತ್ತಿನಿರತ ಸತ್ಯಶೋಧಕರು (ಫ್ಯಾಕ್ಟ್ ಚೆಕರ್‌ಗಳು) ಒಂದು ಜಾಲತಾಣವನ್ನು ನಂಬಬೇಕೋ ಬೇಡವೋ ಎಂಬುದನ್ನು ಹೇಗೆ ತೀರ್ಮಾನಿಸುತ್ತಾರೆಂದು ಗಮನಿಸಲಾಗಿತ್ತು. ಓದಿನಲ್ಲಿ ಪಳಗಿದ ಇತಿಹಾಸಕಾರರೂ ಬಹಳಷ್ಟು ಮಂದಿ ಪುಟದ ಒಳಗೇ ಉಳಿದು ಅದರ ಅಂದಚೆಂದ, ಲಾಂಛನ, ಭಾಷೆಗಳನ್ನು ತೂಗಿ ನೋಡಿದರೆ, ಸತ್ಯಶೋಧಕರು ಬೇಗನೆ ಆ ಪುಟದಿಂದ ಹೊರಬಂದು ಅದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ಹುಡುಕಿದರು. ನಾನು ಇದನ್ನು ದಿನಬಳಕೆಗೆ ಹೀಗೆ ಇಳಿಸಿಕೊಂಡೆ: ಸಂದೇಶವೊಂದು ಏನನ್ನಾದರೂ ಮಾಡು ಎಂದರೆ, ಅದು ಕೊಟ್ಟ ಕೊಂಡಿಯನ್ನಾಗಲಿ ಫೋನ್ ನಂಬರನ್ನಾಗಲಿ ಮುಟ್ಟದೆ, ನನಗೆ ಮೊದಲೇ ಗೊತ್ತಿರುವ ದಾರಿಯಿಂದ ಅದೇ ವಿಷಯವನ್ನು ತಲುಪಬೇಕು.

ಈ ಅಭ್ಯಾಸವನ್ನು ಮನೆಯವರಿಗೆ ಕಲಿಸಲು ಅವಕಾಶ ಒದಗಿದ್ದು ವಿದ್ಯುತ್ ಬಿಲ್ಲಿನ ನೆಪದಲ್ಲಿ. "ಒಂಬತ್ತೂವರೆಗೆ ಕರೆಂಟ್ ಕಿತ್ತು ಹಾಕ್ತಾರಂತಲ್ಲಮ್ಮ, ಈ ನಂಬರಿಗೆ ಫೋನ್ ಮಾಡ್ಬಿಡ್ಲಾ?" ಎನ್ನುತ್ತ ಅತ್ತೆಯವರು ಫೋನ್ ಹಿಡಿದು ಬಂದರು. ಕಳೆದ ತಿಂಗಳ ಬಿಲ್ ದಾಖಲಾಗಿಲ್ಲ, ಈ ರಾತ್ರಿಯೇ ಸಂಪರ್ಕ ಕಡಿತಗೊಳಿಸಲಾಗುವುದು, ಕೂಡಲೇ ನಮ್ಮ ಅಧಿಕಾರಿಗೆ ಕರೆ ಮಾಡಿ ಎಂದು ಅದಕ್ಕೆ ಬಂದಿದ್ದ ಸಂದೇಶದಲ್ಲಿತ್ತು. ಇದು ಮೋಸ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಮುಂದಿನ ಸಂದೇಶಕ್ಕೂ ಅವರು ನನ್ನನ್ನೇ ಕಾಯಬೇಕಾಗುತ್ತದೆ. ಆದ್ದರಿಂದ ಮೀಟರ್ ರೀಡರ್ ಕೊಟ್ಟುಹೋಗಿದ್ದ ಬಿಲ್ಲಿನ ಚೀಟಿಯನ್ನು ತರಿಸಿ ಇಬ್ಬರೂ ಪಕ್ಕಪಕ್ಕ ಕುಳಿತು ನೋಡಿದೆವು. ಚೀಟಿಯಲ್ಲಿ ನಮ್ಮ ಆರ್‌ಆರ್ ನಂಬರ್ ಇತ್ತು, ಹೆಸರಿತ್ತು, ಕಟ್ಟಬೇಕಾದ ಮೊತ್ತವೂ ಕೊನೆಯ ದಿನಾಂಕವೂ ಇದ್ದವು. ಸಂದೇಶದಲ್ಲಿ ಇವು ಯಾವುವೂ ಇರಲಿಲ್ಲ. ಅದು ಬಂದಿದ್ದೂ ಯಾರದೋ ಹತ್ತಂಕಿಯ ಮೊಬೈಲಿನಿಂದ. ನಂತರ ಅವರ ಕೈಯಿಂದಲೇ ಬೆಸ್ಕಾಂನ 1912 ಸಹಾಯವಾಣಿಗೆ ಕರೆ ಮಾಡಿಸಿದೆ. ಬಾಕಿ ಏನೂ ಇಲ್ಲವೆಂಬ ಉತ್ತರವನ್ನು ಅವರು ಸ್ವತಃ ಕೇಳಿಸಿಕೊಂಡರು. ಆಮೇಲೆ, ಆ ನಂಬರಿಗೆ ಕರೆ ಮಾಡಿದ್ದರೆ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ ಖಾತೆಗೇ ಕೈ ಹಾಕುತ್ತಿದ್ದರೆಂಬುದನ್ನು ವಿವರಿಸಿದೆ. ತಾವೇ ಪರಿಶೀಲಿಸಿದ ಮೇಲೆ ಹೇಳಿದ್ದರಿಂದ ಆ ವಿವರಣೆ ಅವರಿಗೆ ಹೆದರಿಕೆಯಾಗಿ ಕಾಣದೆ ತಿಳಿವಳಿಕೆಯಾಗಿ ಉಳಿಯಿತೆಂದು ನನ್ನ ನಂಬಿಕೆ.

'ನಮ್ಮ ದಾರಿ' ಎಂದರೆ ಗೂಗಲ್‌ನಲ್ಲಿ ಹುಡುಕುವುದು ಎಂದೇ ಅನೇಕರು ತಿಳಿಯುತ್ತಾರೆ. ಇಲ್ಲಿ ಎಚ್ಚರ ಬೇಕು. ಗ್ರಾಹಕ ಸೇವೆಯ ನಂಬರ್ ಹುಡುಕಿದಾಗ ಮೊದಲು ಕಾಣುವುದು ವಂಚಕರು ಹಣ ಕೊಟ್ಟು ಹಾಕಿಸಿದ ಜಾಹೀರಾತೇ ಆಗಿರಬಹುದು. ಬ್ಯಾಂಕಿನ ವಿಷಯದಲ್ಲಿ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ನಂಬರನ್ನು ಮಾತ್ರ ಬಳಸುವುದು ನಮ್ಮ ಮನೆಯ ಕ್ರಮ. ಜಾಲತಾಣದ ವಿಳಾಸವನ್ನು ನೋಡುವಾಗ ಮೊದಲ ಒಂಟಿ ಓರೆಗೆರೆಗೆ (/) ಹಿಂದೆ ಇರುವ ಕೊನೆಯ ಭಾಗದಿಂದ ಬಲದಿಂದ ಎಡಕ್ಕೆ ಓದುವುದನ್ನೂ ರೂಢಿಸಿಕೊಂಡಿದ್ದೇವೆ, ಏಕೆಂದರೆ ಎಡತುದಿಯಲ್ಲಿ ಯಾರು ಬೇಕಾದರೂ ಯಾವ ಬ್ಯಾಂಕಿನ ಹೆಸರನ್ನು ಬೇಕಾದರೂ ಸೇರಿಸಬಹುದು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು 2025ರಲ್ಲಿ 'ಬ್ಯಾಂಕ್ ಡಾಟ್ ಇನ್' (.bank.in) ಎಂದು ಮುಗಿಯುವ ವಿಳಾಸಗಳಿಗೆ ಬದಲಾಗಿರುವುದರಿಂದ ಈ ಓದು ಈಗ ಸುಲಭವಾಗಿದೆ.

ಗಾಂಧಿ ಬಜಾರಿನಲ್ಲಿ ನಾನು ಹೂವು ಕೊಳ್ಳುವ ಅಮ್ಮನವರಿಗೆ ಒಂದು ದಿನ ಮದುವೆ ಮನೆಯ ಹಾರಗಳಿಗೆಂದು ಆರ್ಡರ್ ಕೊಡುವ ಕರೆ ಬಂದಿತ್ತು. "ಅಡ್ವಾನ್ಸ್ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂತಾನೆ ಕಣಕ್ಕ, ಮಾಡ್ಲಾ?" ಎಂದು ಅವರು ಕೇಳಿದರು. ನಾನು ಮಾತಿನಲ್ಲಿ ವಿವರಿಸುವ ಬದಲು ಅಲ್ಲೇ ನಿಂತು ಅವರ ಖಾತೆಗೆ ಒಂದು ರೂಪಾಯಿ ಕಳುಹಿಸಿದೆ. ಅವರ ಫೋನ್ ಮಲ್ಲಿಗೆಯ ಕುಕ್ಕೆಯ ಪಕ್ಕದಲ್ಲಿ ಹಾಗೆಯೇ ಬಿದ್ದಿತ್ತು. ಅವರು ಅದನ್ನು ಮುಟ್ಟಲೂ ಇಲ್ಲ, ಆದರೂ ದುಡ್ಡು ಬಂದದ್ದನ್ನು ಪೇಮೆಂಟ್ ಸೌಂಡ್‌ಬಾಕ್ಸ್ ಕೂಗಿ ಹೇಳಿತು. ಅನಂತರ ಅದೇ ಒಂದು ರೂಪಾಯಿಯನ್ನು ನನಗೆ ವಾಪಸ್ ಕಳುಹಿಸಿ ಎಂದಾಗ ಪರದೆ ಪಿನ್ ಕೇಳಿತು. "ಹಂಗಾದ್ರೆ ಬರೋ ದುಡ್ಡಿಗೆ ಪಿನ್ನೇ ಬೇಡ" ಎಂದು ಅವರೇ ತೀರ್ಮಾನಕ್ಕೆ ಬಂದರು. ಯುಪಿಐ ವ್ಯವಸ್ಥೆಯಲ್ಲಿ ಪಿನ್ ಹಾಕುವುದೆಂದರೆ ನಮ್ಮ ಖಾತೆಯಿಂದ ಹಣ ತೆಗೆಯಲು ಒಪ್ಪಿಗೆ ಕೊಟ್ಟಂತೆ. ಶಿಲ್ಕು ನೋಡುವುದಕ್ಕೂ ಅದು ಬೇಕು, ಹಣ ಪಡೆಯುವುದಕ್ಕೆ ಮಾತ್ರ ಎಂದಿಗೂ ಬೇಡ. ಈಗ ಅವರು ಪಕ್ಕದ ಅಂಗಡಿಯವರಿಗೂ ಇದನ್ನು ಒಂದು ರೂಪಾಯಿ ಕಳುಹಿಸಿಯೇ ತೋರಿಸುತ್ತಾರೆ.

ಹಣ ಹೋಗುವುದಕ್ಕಿಂತಲೂ ವದಂತಿಯ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. 2012ರ ಆಗಸ್ಟ್‌ನಲ್ಲಿ ಹಲ್ಲೆಯ ವದಂತಿಗಳು ಮೊಬೈಲಿನಿಂದ ಮೊಬೈಲಿಗೆ ಹರಡಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಊರಿಗೆ ಹೊರಟು ನಿಂತದ್ದನ್ನು ಈ ನಗರ ಕಂಡಿದೆ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳನ್ನು ನಂಬಿದ ಗುಂಪೊಂದು, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಚಾಮರಾಜಪೇಟೆಯ ಬಳಿ ಹೊಡೆದು ಕೊಂದಿತು. ಆಗ ದೇಶದೆಲ್ಲೆಡೆ ಸುತ್ತುತ್ತಿದ್ದ ಅಪಹರಣದ ವಿಡಿಯೊಗಳಲ್ಲಿ ಒಂದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ತೆಗೆದದ್ದು. ಬೈಕಿನವರು ಮಗುವನ್ನು ಹಿಂತಿರುಗಿಸಿ ಸಂದೇಶ ತೋರಿಸುವ ಕೊನೆಯ ಭಾಗವನ್ನು ಕತ್ತರಿಸಿ ಹಾಕಲಾಗಿತ್ತು. ತರಬೇತಿಯಲ್ಲಿ ಕತ್ತರಿಸಿದ ತುಣುಕನ್ನೂ ಪೂರ್ತಿ ವಿಡಿಯೊವನ್ನೂ ಒಂದರ ಹಿಂದೊಂದು ನೋಡಿದಾಗ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ.

ಆದ್ದರಿಂದ ನಮ್ಮ ಗುಂಪಿಗೆ ಬರುವ ವಿಡಿಯೊಗಳನ್ನು ನಾನು ಹಗುರವಾಗಿ ಬಿಡುವುದಿಲ್ಲ. ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದದ್ದೆಂದು ಅರ್ಥ; ಅಲ್ಲಿಂದಲೇ ನೋಟ ಶುರುವಾಗುತ್ತದೆ. ಒಂದು ಮಳೆಗಾಲದಲ್ಲಿ ಬೆಳ್ಳಂದೂರು ಮುಳುಗಿದೆ ಎಂಬ ವಿಡಿಯೊ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಆ ಭಾಗದ ಹೊರವರ್ತುಲ ರಸ್ತೆ ನಿಜವಾಗಿಯೂ ಮುಳುಗಿದ್ದರಿಂದ ಎಲ್ಲರೂ ಸುಲಭವಾಗಿ ನಂಬಿದರು. ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಅಂಗಡಿಗಳ ಬೋರ್ಡುಗಳು ತಮಿಳಿನಲ್ಲಿದ್ದವು, ತೇಲುತ್ತಿದ್ದ ಕಾರುಗಳ ನಂಬರ್ ಪ್ಲೇಟುಗಳೆಲ್ಲ ತಮಿಳುನಾಡಿನವು. ಬೆಂಗಳೂರಿನಲ್ಲಿ ಇವೆರಡೂ ಅಪರೂಪವಲ್ಲವಾದ್ದರಿಂದ ಅಷ್ಟಕ್ಕೇ ನಿಲ್ಲದೆ, ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟು ಹುಡುಕಬಹುದಾದ ಗೂಗಲ್ ಲೆನ್ಸ್‌ನಲ್ಲಿ ಹುಡುಕಿದೆ. ಅದು ಹಳೆಯ ಚೆನ್ನೈ ಪ್ರವಾಹದ ದೃಶ್ಯವೆಂದು ಆ ಕಾಲದ ಸುದ್ದಿಪುಟಗಳಿಂದ ತಿಳಿಯಿತು.

ಪತ್ತೆ ಮಾಡುವುದಕ್ಕಿಂತ ಹೇಳುವುದು ಕಷ್ಟದ ಕೆಲಸ. ಅದನ್ನು ಹಾಕಿದ್ದವರು ನಮ್ಮ ಮಹಡಿಯ ಹಿರಿಯರು. ಎಲ್ಲರ ಒಳಿತಿಗಾಗಿಯೇ ಹಾಕಿದ್ದರು. ಗುಂಪಿನಲ್ಲಿ ಎಲ್ಲರೆದುರು ತಿದ್ದಿದರೆ ಅವರು ಮುದುಡಿಕೊಳ್ಳುತ್ತಾರೆ, ಇಲ್ಲವೇ ವಾದಕ್ಕಿಳಿಯುತ್ತಾರೆ. "ಸರ್, ನೀವು ಹಾಕಿದ ವಿಡಿಯೊ ಹುಡುಕಿ ನೋಡಿದೆ, ಇದು ಸಿಕ್ಕಿತು, ನೀವೇ ಒಮ್ಮೆ ನೋಡಿ" ಎಂದು ಅವರೊಬ್ಬರಿಗೇ ಕೊಂಡಿ ಕಳುಹಿಸಿದೆ. ಅವರು ವಿಡಿಯೊ ಅಳಿಸಿ, ಅದು ಹಳೆಯದೆಂದು ಗುಂಪಿಗೆ ತಾವೇ ತಿಳಿಸಿದರು. ಅಂದಿನಿಂದ ಅನುಮಾನ ಬಂದದ್ದನ್ನು ಮೊದಲು ನನಗೆ ಕಳುಹಿಸಿ ಕೇಳುತ್ತಾರೆ. ನಾನು ಉತ್ತರದ ಜೊತೆಗೆ ಹುಡುಕಿದ ಬಗೆಯನ್ನೂ ಬರೆಯುತ್ತೇನೆ.

ಈಗ ಕೆಲವು ಭಾನುವಾರಗಳಲ್ಲಿ ಅಪಾರ್ಟ್‌ಮೆಂಟಿನ ಹಿರಿಯರು ಸೇರಿ ಕುಳಿತು ಇಂತಹ ಅಭ್ಯಾಸಗಳನ್ನು ಮಾಡುತ್ತೇವೆ. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ಬಂಧಿಸಿದ್ದೇವೆಂದು ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ, ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು ಎಂಬುದು ಎಲ್ಲರಿಗೂ ಬಾಯಿಪಾಠವಾಗಿದೆ. ಮುಂದಿನ ಸಲ ಎಐ ಮೂಲಕ ಮಕ್ಕಳ ಧ್ವನಿಯನ್ನು ನಕಲು ಮಾಡಿ ಹಣ ಕೇಳುವ ಕರೆಗಳನ್ನು ಎದುರಿಸುವುದನ್ನು ಅಭ್ಯಾಸ ಮಾಡಲಿದ್ದೇವೆ: ಅಂತಹ ಕರೆ ಬಂದರೆ ಅದನ್ನು ಕತ್ತರಿಸಿ, ಫೋನಿನಲ್ಲಿ ಮೊದಲೇ ಉಳಿಸಿಕೊಂಡಿರುವ ಮಗನ ಅಥವಾ ಮಗಳ ನಂಬರಿಗೆ ನಾವೇ ತಿರುಗಿ ಕರೆ ಮಾಡಬೇಕು. ಇದಕ್ಕಾಗಿ ಬೇರೆ ಊರಿನಲ್ಲಿರುವ ಮಕ್ಕಳೂ ಆ ಹೊತ್ತಿಗೆ ಫೋನಿನ ಬಳಿ ಇರಲು ಒಪ್ಪಿದ್ದಾರೆ.